ಶನಿವಾರದ ಗೋಲು

ಡೋಲಿನಾ ಮೆಕ್‌ರಿಚಿಯ ಎಡಗಾಲು ಅವಳದ್ದಲ್ಲ, ಅವಳಪ್ಪನದು ಎಂದು ಟೋಬ್‌ಸ್ಟಾ ಊರಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳುವವರಿಗೇನು, ಹೇಳಿ ಚಹಾ ಕುಡಿದು ಎದ್ದು ಹೋಗುತ್ತಾರೆ. ಆ ಕಾಲನ್ನು ಕಟ್ಟಿಕೊಂಡು ಬದುಕಿದವಳು ಅವಳು.

ಅವಳಪ್ಪ ಟೋರ್ಕಿಲ್ ಹರೆಯದಲ್ಲಿ ಊರಿನ ಫುಟ್‌ಬಾಲ್ ತಂಡದ ಫಾರ್ವರ್ಡ್ ಆಗಿದ್ದ. ಎಡಗಾಲಿನಿಂದ ಅವನು ಬೀಸಿ ಒದ್ದ ಚೆಂಡು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಗಾಳಿಗೂ ಸೊಪ್ಪು ಹಾಕದೆ ಗೋಲಿನ ಮೂಲೆ ಸೇರುತ್ತಿತ್ತಂತೆ. ಅದೇ ತಂಡದಲ್ಲಿ ಗೋಲು ಕಾಯುತ್ತಿದ್ದವನು ಪಕ್ಕದ ಮನೆಯ ಫಿನ್ಲೆ. ಮುಂದೆ ಹಡಗಿನಲ್ಲಿ ಆಳುಗಳ ಮೇಸ್ತ್ರಿಯಾಗಿ ದುಡಿದು ಬಂದು ಊರಿಗೆಲ್ಲ 'ಬೋಸನ್' ಆದವನು. ಆ ಕಾಲದ ಕಥೆ ಹೇಳು ಎಂದು ಬೋಸನ್‌ನನ್ನು ಯಾರೂ ಎರಡನೇ ಸಲ ಕೇಳಬೇಕಾಗಿರಲಿಲ್ಲ. ಟೋರ್ಕಿಲ್ ಮಾತ್ರ ಆ ಮಾತು ಬಂದರೆ ಕುರಿ ನೋಡಿಕೊಂಡು ಬರುತ್ತೇನೆಂದು ಎದ್ದುಬಿಡುತ್ತಿದ್ದ. ಮದುವೆಯಾದ ವರ್ಷವೇ ಅವನಿಗೆ ಕೂರಮ್ ಬಂದಿತ್ತು. ಕೂರಮ್ ಬಂದವನ ಎದೆಯಲ್ಲಿ ದೇವರ ಭಯ ಹೊಕ್ಕು ಕೂರುತ್ತದೆ. ಕುಡಿತ, ಕುಣಿತ, ಆಟ ಎಲ್ಲ ಒಂದೇ ದಿನಕ್ಕೆ ಬಿಟ್ಟುಹೋಗುತ್ತವೆ. ಟೋರ್ಕಿಲ್ ತನ್ನ ಬೂಟುಗಳನ್ನು ಬೋಸನ್‌ಗೆ ಕೊಟ್ಟು ಕೈತೊಳೆದುಕೊಂಡ. ಬೋಸನ್‌ನ ಆನೆಪಾದಕ್ಕೆ ಅವು ಹಿಡಿಸಲಿಲ್ಲ ಅನ್ನುವುದು ಬೇರೆ ಮಾತು.

ಕೆಲವು ವರ್ಷಗಳಲ್ಲಿ ಟೋರ್ಕಿಲ್ ಚರ್ಚಿನ ಹಿರಿಯನಾದ, ಸಾಲು ಕೊಡುವವನೂ ಆದ. ನಮ್ಮ ಕಡೆ ಚರ್ಚಿನಲ್ಲಿ ವಾದ್ಯ ಇಲ್ಲ. ಪೀಠದ ಕೆಳಗೆ ಕೂತವನು ಗೇಲಿಕ್ ಕೀರ್ತನೆಯ ಒಂದೊಂದೇ ಸಾಲನ್ನು ಎತ್ತಿಕೊಡುತ್ತಾನೆ, ಸಭೆ ಅದನ್ನು ತೆಗೆದುಕೊಂಡು ಹಾಡುತ್ತದೆ. ಕೊಟ್ಟ ಸಾಲು ತಪ್ಪಾಗಿದ್ದರೂ ಸಭೆ ಅದನ್ನೇ ಹಾಡಬೇಕು, ಸಾಲು ಕೊಟ್ಟವನನ್ನು ನಡುನೀರಿನಲ್ಲಿ ಕೈಬಿಡುವ ಹಾಗಿಲ್ಲ. ಟೋರ್ಕಿಲ್‌ಗಿಂತ ಮುಂಚೆ ಇದ್ದ ಮುದುಕ ಒಮ್ಮೆ ತೂಕಡಿಸಿ, ಹಾಡಿ ಮುಗಿಸಿದ್ದ ಸಾಲನ್ನೇ ಮತ್ತೆ ಕೊಟ್ಟ. ಇಡೀ ಸಭೆ ಕಮಕ್ ಕಿಮಕ್ ಎನ್ನದೆ ಅದನ್ನೇ ಇನ್ನೊಂದು ಸಲ ಹಾಡಿತು. ಟೋರ್ಕಿಲ್ ಹಾಗೆ ತಪ್ಪಿದ್ದನ್ನು ಯಾರೂ ಕಂಡಿಲ್ಲ. ಸುಳ್ಳು ಹೇಳಿದ್ದನ್ನೂ ಕಂಡಿಲ್ಲ. ಸಂತೆಯಲ್ಲಿ ತನ್ನ ಕುರಿಯ ಹುಳುಕನ್ನು ತಾನೇ ಮೊದಲು ಹೇಳಿ, ಕೊಳ್ಳುವವನನ್ನು ಓಡಿಸಿಬಿಡುವ ಆಸಾಮಿ.

ಗಂಡು ಹುಟ್ಟುತ್ತದೆಂದು ಅಜ್ಜನ ಹೆಸರು ಡೊನಾಲ್ಡ್ ಎತ್ತಿಟ್ಟಿದ್ದರು. ಹೆಣ್ಣು ಹುಟ್ಟಿತು. ಹೆಸರು ಯಾಕೆ ದಂಡ ಮಾಡುವುದೆಂದು, ನಮ್ಮ ಕಡೆಯ ವಾಡಿಕೆಯಂತೆ ಅದಕ್ಕೇ ಹೆಣ್ಣಿನ ಬಾಲ ಹಚ್ಚಿ ಡೋಲಿನಾ ಮಾಡಿದರು. ಆಮೇಲೆ ಮತ್ತೆ ಮಕ್ಕಳಾಗಲಿಲ್ಲ.

ಹುಡುಗಿ ನಡೆಯಲು ಕಲಿತದ್ದಕ್ಕಿಂತ ಬೇಗ ಒದೆಯಲು ಕಲಿತಳು. ಹುಡುಗರು ತಂಡಕ್ಕೆ ಸೇರಿಸುತ್ತಿರಲಿಲ್ಲ, ದ್ವೀಪದಲ್ಲಿ ಹುಡುಗಿಯರ ತಂಡ ಇರಲಿಲ್ಲ. ಹೀಗಾಗಿ ಕೊಟ್ಟಿಗೆಯ ಗೋಡೆಯೇ ಅವಳ ಎದುರಾಳಿ. ಶನಿವಾರ ಸಂಜೆ ಟೋರ್ಕಿಲ್ ಬಂದು ಕೈ ಚಾಚುತ್ತಿದ್ದ, ಅವಳು ಚೆಂಡು ಕೊಡುತ್ತಿದ್ದಳು. ಆ ಹೊತ್ತಿಗೆ ಭಾನುವಾರದ ಆಲೂಗೆಡ್ಡೆ ಸುಲಿದಾಗಿರುತ್ತಿತ್ತು, ಒಲೆಗೆ ಉರಿಸುವ ಪೀಟ್ ಮಣ್ಣಿನ ಹೆಂಟೆ ಒಳಗೆ ಬಂದಿರುತ್ತಿತ್ತು, ನೀರು ತುಂಬಿರುತ್ತಿತ್ತು. ದೇವರಿಗೆ ಮೀಸಲಾದ ಸಬ್ಬತ್ ದಿನ ಹಗ್ಗದ ಮೇಲೆ ಒಂದು ಕಾಲುಚೀಲ ಒಣಗುವಂತಿಲ್ಲ, ಇನ್ನು ಚೆಂಡು ಅಂಗಳದಲ್ಲಿ ಉರುಳುವುದೆಲ್ಲಿಂದ ಬಂತು! ಅದು ಅಟ್ಟ ಸೇರುತ್ತಿತ್ತು. ಸೋಮವಾರ ಬೆಳಿಗ್ಗೆ ಟೋರ್ಕಿಲ್ ತಾನೇ ಏಣಿ ಹತ್ತಿ ಅದನ್ನು ಇಳಿಸಿ, ಮಸಿಯನ್ನು ತೋಳಿನಿಂದ ಒರೆಸಿ, ಅವಳ ಮಂಚದ ಕಾಲಬುಡದಲ್ಲಿ ಇಟ್ಟು ಹೋಗುತ್ತಿದ್ದ. ಎಬ್ಬಿಸುತ್ತಿರಲಿಲ್ಲ. ಅಪ್ಪನ ಪ್ರೀತಿ ಎಂದರೆ ಡೋಲಿನಾಗೆ ಎಷ್ಟೋ ಕಾಲ ಆ ಮಸಿಯ ವಾಸನೆಯೇ ಆಗಿತ್ತು.

ಓದು ಮುಗಿಸಿ ಗ್ಲಾಸ್ಗೊಗೆ ಹೋದವಳು ಮೊದಲ ಸಲ ಊರಿಗೆ ಬಂದಾಗ, ಊಟದ ಮೇಜಿನ ಮೇಲೆ ಉಪ್ಪು ಹೆರಿಂಗ್ ಮೀನು, ಬೇಯಿಸಿದ ಆಲೂಗೆಡ್ಡೆ. ಅಮ್ಮ ಎಫಿ ಬಡಿಸುತ್ತಿದ್ದಳು. ಡೋಲಿನಾ ಹೇಳಬೇಕಾದದ್ದನ್ನು ಹೇಳಿಬಿಟ್ಟಳು.

"ಅಪ್ಪಾ, ಅಲ್ಲೊಂದು ಹೆಂಗಸರ ತಂಡದವರು ನನ್ನ ಸೇರಿಸ್ಕೊಂಡಿದ್ದಾರೆ. ಫಾರ್ವರ್ಡ್ ಆಡಿಸ್ತಾರಂತೆ."

"ಸಂತೋಷ."

"ಆಟ ಎಲ್ಲಾ ಭಾನುವಾರ. ಶನಿವಾರ ಮೈದಾನ ಗಂಡಸರಿಗೆ. ನಮಗೆ ಉಳಿಯೋದು ಅದೊಂದೇ ದಿನ."

ಟೋರ್ಕಿಲ್ ಸುಲಿಯುತ್ತಿದ್ದ ಗೆಡ್ಡೆಯನ್ನು ತಟ್ಟೆಯಲ್ಲಿ ಇಟ್ಟ.

"ಆ ಊರಲ್ಲಿ ವಾರಕ್ಕೆ ಬೇರೆ ದಿನಾನೇ ಇಲ್ವೇನಮ್ಮಾ?"

"ಬೇಡ ಅಂತೀರಾ?"

"ಬೇಡ ಅನ್ನೋಕೆ ನಾನ್ಯಾರು? ಬೇಡ ಅಂದೋನು ಮೇಲಿದ್ದಾನೆ. ನೀನು ಹೋಗು. ನಾನು ಬಂದು ನೋಡಲ್ಲ. ಗೆದ್ಯಾ ಸೋತ್ಯಾ ಕೇಳಲ್ಲ. ಅದರ ಬಗ್ಗೆ ಯಾರ ಹತ್ರಾನೂ ತುಟಿ ಬಿಚ್ಚಲ್ಲ. ಕೋಪ ಅಂತ ತಿಳ್ಕೋಬೇಡ ಕಂದಾ. ನನ್ನ ಕೈಲಿ ಆಗಲ್ಲ, ಅಷ್ಟೇ."

ಅಪ್ಪ ಕೂಗಾಡಿದ್ದರೆ ಅವಳೂ ಕೂಗಾಡಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದಳು. ಇಷ್ಟು ಮೆತ್ತಗೆ ಹೇಳುವವನ ಜೊತೆ ಜಗಳ ಆಡುವುದು ಹೇಗೆ? ಅವಳು ಹೆರಿಂಗ್ ತಿಂದಳು. ಅಂದಿನಿಂದ ಅವಳಿಗೆ ಬೇಕಾಗಿದ್ದು ಒಂದೇ ಒಂದು: ಅಪ್ಪ ಒಂದು ಸಲ, ಒಂದೇ ಸಲ, ಗೆರೆಯ ಪಕ್ಕ ನಿಂತು ತನ್ನ ಆಟ ನೋಡಬೇಕು. ಮಿಕ್ಕಿದ್ದೆಲ್ಲ ಆಮೇಲೆ.

ಹಗಲು ಬೇಕರಿಯಲ್ಲಿ ಹಿಟ್ಟು ನಾದುವುದು, ಸಂಜೆ ಓಡುವುದು, ಭಾನುವಾರ ಆಡುವುದು. ಹೆಂಗಸರ ಆಟಕ್ಕೆ ಆಗ ಸಂಬಳವೂ ಇಲ್ಲ, ಸರಿಯಾದ ಸ್ನಾನದ ಮನೆಯೂ ಇಲ್ಲ. ಕೆಸರಿನ ಕಾಲಲ್ಲೇ ಬಸ್ಸು ಹತ್ತಬೇಕು. ಡೋಲಿನಾ ಆ ಕೆಸರಿನಲ್ಲಿ ಗೋಲಿನ ಮೇಲೆ ಗೋಲು ಹೊಡೆದಳು. ಎದುರಿನವರು ಅವಳನ್ನು 'ಆ ದ್ವೀಪದ ಎಡಚಿ' ಎಂದು ಬೈಯುತ್ತಿದ್ದರು, ಬೈಗುಳದಲ್ಲಿ ಮರ್ಯಾದೆ ಇರುತ್ತಿತ್ತು. ಪ್ರತಿ ಸೋಮವಾರ ಅವಳು ಮನೆಗೆ ಫೋನ್ ಮಾಡುತ್ತಿದ್ದಳು. ಅಪ್ಪ ಮಳೆಯ ವಿಷಯ ಹೇಳುತ್ತಿದ್ದ, ಕುರಿಯ ವಿಷಯ ಹೇಳುತ್ತಿದ್ದ, ಕೊನೆಗೆ ಒಂದು ಮಾತು ಕೇಳುತ್ತಿದ್ದ.

"ಕಾಲು ಹೇಗಿದೆ?"

ಮೊದಮೊದಲು ಅದು ಬರೀ ಕಾಲಿನ ವಿಚಾರವೇ ಇರಬೇಕು, ಆಗ ಅವಳ ಪಾದದ ಕೀಲು ಉಳುಕಿತ್ತು. ಉಳುಕು ಹೋದರೂ ಪ್ರಶ್ನೆ ಹೋಗಲಿಲ್ಲ. ಗೋಲು ಹೊಡೆದ ವಾರ ಅವಳು "ಚೆನ್ನಾಗಿದೆ ಅಪ್ಪಾ" ಎನ್ನುತ್ತಿದ್ದಳು, ಕೈಗೆ ಬಂದದ್ದು ತಪ್ಪಿದ ವಾರ "ಸ್ವಲ್ಪ ನೋಯ್ತಿದೆ" ಎನ್ನುತ್ತಿದ್ದಳು. ಅಪ್ಪ "ಸರಿ" ಎಂದು ಫೋನನ್ನು ಅಮ್ಮನ ಕೈಗೆ ಕೊಡುತ್ತಿದ್ದ.

"ಅಪ್ಪಂಗೆ ಅರ್ಥ ಆಗತ್ತೇನಮ್ಮಾ?" ಎಂದು ಒಮ್ಮೆ ಕೇಳಿದಳು.

"ನಂಗೇನು ಗೊತ್ತು? ನೀನು ಚೆನ್ನಾಗಿದೆ ಅಂದ ದಿನ ಒಂದು ಮೀನು ಜಾಸ್ತಿ ತಿಂತಾರೆ, ಅಷ್ಟು ಗೊತ್ತು" ಎಂದಳು ಎಫಿ.

ಇಷ್ಟಕ್ಕೇ ತೃಪ್ತಿಪಡಬೇಕಾಗಿತ್ತೋ ಏನೋ. ಆದರೆ ಸ್ಕಾಟ್ಲೆಂಡ್ ತಂಡದ ನೀಲಿ ಅಂಗಿ ಬಂತು, ಬುಧವಾರ ಬಂತು.

"ಬುಧವಾರಾನಾ?" ಎಂದ ಟೋರ್ಕಿಲ್ ಫೋನಿನಲ್ಲಿ. "ಸರಿಯಾಗಿ ನೋಡಿದ್ಯಾ?"

"ಬುಧವಾರ ಸಂಜೆ, ಅಪ್ಪಾ. ಗ್ಲಾಸ್ಗೊದಲ್ಲೇ. ನಿಮಗೂ ಬೋಸನ್‌ಗೂ ಜಾಗ ಹಿಡಿಸಿಡ್ತೀನಿ."

"ಬುಧವಾರದ ಮೇಲೆ ದೇವರು ಏನೂ ಹೇಳಿಲ್ಲ" ಎಂದ ಟೋರ್ಕಿಲ್. "ಬರ್ತೀನಿ ಮಗಳೇ."

ಆ ಬುಧವಾರ ಬೆಳಿಗ್ಗೆ ಟೋರ್ಕಿಲ್ ಚರ್ಚಿಗೆ ಹಾಕುವ ಕಪ್ಪು ಸೂಟು ಹಾಕಿಕೊಂಡು, ಬೋಸನ್‌ನ ಜೊತೆ ಸ್ಟೋರ್ನೋವೆ ಬಂದರಿಗೆ ಹೋದ. ಪಡುವಣ ಗಾಳಿ ಎದ್ದಿತ್ತು. ಹಡಗು ಹಗ್ಗ ಬಿಚ್ಚಲಿಲ್ಲ. ಮಧ್ಯಾಹ್ನಕ್ಕಾದರೂ ಗಾಳಿ ನಿಲ್ಲಬಹುದು ಎಂದರು, ನಿಲ್ಲಲಿಲ್ಲ. ಬೋಸನ್ ಮುಂದೆ ಎಷ್ಟೋ ಸಲ ಹೇಳಿದ್ದಾನೆ: "ಬಾರೋ, ಒಂದು ಚಹಾನಾದ್ರೂ ಕುಡಿಯೋಣ ಅಂದೆ. ಜಗ್ಗಲಿಲ್ಲ. ಹ್ಯಾಟು ಎದೆಗೆ ಒತ್ಕೊಂಡು ಹಡಗನ್ನೇ ನೋಡ್ತಾ ನಿಂತಿದ್ದ. ಅವನು ಹಾಗೆ ನೋಡಿದ್ದಕ್ಕೆ ಹಡಗಿಗೇ ನಾಚಿಕೆ ಆಗಿ ಹೊರಡಬೇಕಿತ್ತು." ಅಂದು ಸಂಜೆ ಡೋಲಿನಾ ಸ್ಕಾಟ್ಲೆಂಡ್‌ಗಾಗಿ ಎಡಗಾಲಿನಿಂದ ಒಂದು ಗೋಲು ಹೊಡೆದಳು. ಗೆಳತಿಯರು ಮೇಲೆ ಬಿದ್ದು ತಬ್ಬಿಕೊಳ್ಳುವಾಗ ಅವಳ ಕಣ್ಣು ಆ ಎರಡು ಖಾಲಿ ಕುರ್ಚಿಗಳ ಮೇಲಿತ್ತು. ನೀಲಿ ಅಂಗಿಯಲ್ಲಿ ಅವಳು ಹೊಡೆದ ಗೋಲು ಅದೊಂದೇ.

"ಕಾಲು ಹೇಗಿದೆ?" ಎಂದ ಮರುದಿನ.

"ಚೆನ್ನಾಗಿದೆ ಅಪ್ಪಾ. ತುಂಬಾ ಚೆನ್ನಾಗಿದೆ."

ಆ ದಿನ ಅವನು "ಸರಿ" ಎನ್ನಲಿಲ್ಲ. "ಗಾಳಿ ಮಗಳೇ... ಗಾಳಿ ಜೋರಾಗಿತ್ತು" ಎಂದ. ಡೋಲಿನಾ ಫೋನ್ ಇಟ್ಟು ಬೇಕರಿಯ ಹಿಂದೆ ಹೋಗಿ ಮನಸಾರೆ ಅತ್ತಳು.

ಮುಂದಿನದು ಆಟಗಾರರೆಲ್ಲರ ಬಾಳಿನಲ್ಲಿ ನಡೆಯುವುದೇ. ಒಂದು ಭಾನುವಾರ ತಿರುಗುವಾಗ ಎಡ ಮಂಡಿ ಕಳಚಿತು. ಕೊಯ್ದು ಸರಿಮಾಡಿದರು, ಆಡಿದಳು, ಮತ್ತೆ ಕಳಚಿತು. ಅಂಗಿ ಚಿಕ್ಕ ಹುಡುಗಿಯರಿಗೆ ಹೋಯಿತು. ಅಮ್ಮ ತೀರಿಕೊಂಡಳು. ಅಪ್ಪನ ಕಣ್ಣು ಸುತ್ತಲಿಂದ ಕತ್ತಲಾಗುತ್ತಾ ಬಂದು ಕೊನೆಗೆ ಪೂರ್ತಿ ಮುಚ್ಚಿಹೋಯಿತು. ಡೋಲಿನಾ ಗ್ಲಾಸ್ಗೊದ ಕೋಣೆಗೆ ಬೀಗ ಹಾಕಿ ಊರಿಗೆ ಬಂದು, ಶಾಲೆಯ ಬಸ್ಸು ಓಡಿಸತೊಡಗಿದಳು. ಕಣ್ಣು ಹೋದರೂ ಟೋರ್ಕಿಲ್ ಸಾಲು ಕೊಡುವುದನ್ನು ಬಿಟ್ಟಿರಲಿಲ್ಲ. ಕೀರ್ತನೆಗಳೆಲ್ಲ ಅವನಿಗೆ ಬಾಯಿಪಾಠ. ಭಾನುವಾರ ಅವಳು ಅವನನ್ನು ಚರ್ಚಿಗೆ ಕರೆದುಕೊಂಡು ಹೋಗಿ ಪೀಠದ ಕೆಳಗೆ ಕೂರಿಸಿ, ತಾನು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಭಾನುವಾರ ಆಡಿದವಳೆಂದು ಕೆಲವರು ಒಂದು ಗೇಣು ಸರಿದು ಕೂತರು. ಅವಳು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಅಷ್ಟರಲ್ಲಿ ದ್ವೀಪದಲ್ಲಿ ಹೆಂಗಸರ ತಂಡವೊಂದು ಹುಟ್ಟಿತ್ತು. ದಕ್ಷಿಣದ ಯೂಯಿಸ್ಟ್ ದ್ವೀಪದವರೊಡನೆ ಆಟ ಗೊತ್ತಾಯಿತು. ಡೋಲಿನಾಳ ಬಸ್ಸಿನಲ್ಲಿ ಶಾಲೆಗೆ ಹೋಗಿ ಬೆಳೆದ ಹುಡುಗಿಯರೇ ಬಾಗಿಲಿಗೆ ಬಂದರು. "ನೀವು ಒಂದರ್ಧ ಆಟ ಆಡಿದ್ರೂ ಸಾಕು ಡೋಲಿನಾ. ನೀವು ಸುಮ್ಮನೆ ನಿಂತ್ರೂ ಸಾಕು, ಅವರು ಹೆದರ್ತಾರೆ."

"ನನ್ನ ಮಂಡಿ ನೋಡಿ ನಗ್ತಾರೆ, ಹೆದರಲ್ಲ. ಯಾವತ್ತು?"

"ಶನಿವಾರ."

ಒಲೆಯ ಪಕ್ಕದ ಕುರ್ಚಿಯಿಂದ ಟೋರ್ಕಿಲ್ ತಲೆ ಎತ್ತಿದ. "ಶನಿವಾರ ಅಂದ್ರಾ?" ಎಂದ. ಹುಡುಗಿಯರು ಹೌದೆಂದರು. "ಹಾಗಾದ್ರೆ ಬರ್ತೀನಿ."

ಕುರುಡ ಆಟ ನೋಡಲು ಬರುತ್ತೇನೆ ಎನ್ನುತ್ತಿದ್ದಾನೆ. ಡೋಲಿನಾ ಆಗ ಒಪ್ಪಿಕೊಂಡಳು. ಆ ಮಂಡಿಯಲ್ಲಿ ಒಪ್ಪಬಾರದಿತ್ತು. ವೈದ್ಯರು ಓಡಬೇಡ ಎಂದಿದ್ದರು. ಆದರೆ ಇಷ್ಟು ವರ್ಷ ಕಾದ ಮಾತು ಅಪ್ಪನ ಬಾಯಿಂದ ಬಂದಾಗ ಯಾವ ವೈದ್ಯರು, ಯಾವ ಮಂಡಿ?

ಮೈದಾನ ಕಡಲಿಗೆ ಅಂಟಿಕೊಂಡ ಹುಲ್ಲುಗಾವಲು. ಒಂದು ಕಡೆಯ ಗೋಲಿನ ಹಿಂದೆ ತಂತಿಬೇಲಿ, ಬೇಲಿಯಾಚೆ ಕುರಿಗಳು. ಬೋಸನ್ ತನ್ನ ವ್ಯಾನನ್ನು ಗೆರೆಯ ಪಕ್ಕ ತಂದು ನಿಲ್ಲಿಸಿದ. ಕಪ್ಪು ಸೂಟು ಹಾಕಿದ ಟೋರ್ಕಿಲ್ ಮುಂದಿನ ಸೀಟಿನಲ್ಲಿ ಕಿಟಕಿ ಇಳಿಸಿಕೊಂಡು ಕೂತ.

"ನೋಡು ಟೋರ್ಕಿಲ್, ಇವತ್ತು ನಾನು ಸಾಲು ಕೊಡೋನು, ನೀನು ಸಭೆ. ನಾನು ಕೊಟ್ಟಿದ್ದನ್ನ ತಗೋಬೇಕು. ಮಧ್ಯೆ ಬಾಯಿ ಹಾಕಿದ್ರೆ ಇಳಿಸಿ ಹೋಗ್ತೀನಿ" ಎಂದ ಬೋಸನ್.

"ನಿನ್ನ ಗಂಟಲಿಗೆ ಕುರೀನೂ ಸಾಲು ತಗೊಳಲ್ಲ. ಆಯ್ತು, ಹೇಳು" ಎಂದ ಟೋರ್ಕಿಲ್.

ಮೈದಾನದೊಳಗೆ ಡೋಲಿನಾಗೆ ಮೊದಲ ಓಟದಲ್ಲೇ ಗೊತ್ತಾಯಿತು. ತಲೆ ಹೇಳಿದ್ದನ್ನು ಕಾಲು ಕೇಳುತ್ತಿರಲಿಲ್ಲ. ಚೆಂಡು ಎಲ್ಲಿ ಬೀಳುತ್ತದೆಂದು ಎಲ್ಲರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು, ಅಲ್ಲಿಗೆ ಎಲ್ಲರಿಗಿಂತ ಕೊನೆಗೆ ತಲುಪುತ್ತಿದ್ದಳು. ಯೂಯಿಸ್ಟ್‌ನ ಒಬ್ಬ ಹುಡುಗಿ ಅವಳನ್ನು ತಳ್ಳಿ, ತಳ್ಳಿದ್ದಕ್ಕೆ "ಕ್ಷಮಿಸಿ, ನೋವಾಯ್ತಾ?" ಎಂದು ಕೇಳಿದಳು. ಹಿಂದೆ ಯಾರೂ ಅವಳನ್ನು ಹಾಗೆ ಕೇಳಿದ್ದಿಲ್ಲ. ಬೈದಿದ್ದರೆ ವಾಸಿಯಾಗಿತ್ತು. ವ್ಯಾನಿನ ಕಡೆಯಿಂದ ಬೋಸನ್‌ನ ಧ್ವನಿ ಗಾಳಿಯಲ್ಲಿ ತುಂಡುತುಂಡಾಗಿ ಕೇಳುತ್ತಿತ್ತು. ಹೊಗಳಿಕೆಯ ಧಾಟಿ ಎಂದು ಮಾತ್ರ ಗೊತ್ತಾಗುತ್ತಿತ್ತು.

ಆಟ ಮುಗಿಯುತ್ತಾ ಬಂದಾಗ ಊರಿನ ತಂಡಕ್ಕೆ ಪೆನಾಲ್ಟಿ ಸಿಕ್ಕಿತು. ಹುಡುಗಿಯರು ಚೆಂಡನ್ನು ತಂದು ಅವಳ ಕೈಗೆ ಕೊಟ್ಟರು. ಗೆರೆಯ ಸುತ್ತ ನಿಂತ ಊರವರೆಲ್ಲ ಒಂದು ಹೆಜ್ಜೆ ಮುಂದೆ ಬಂದರು. ಎಲ್ಲರಿಗೂ ಗೊತ್ತಿತ್ತು, ವ್ಯಾನಿನಲ್ಲಿ ಯಾರು ಕೂತಿದ್ದಾರೆ, ಯಾಕೆ ಬಂದಿದ್ದಾರೆ ಎಂದು. ಡೋಲಿನಾ ಚೆಂಡಿನ ಕೆಸರನ್ನು ತೋಳಿನಿಂದ ಒರೆಸಿ ಇಟ್ಟಳು. ದೇವರೇ, ಇದೊಂದು ಎಂದಳು. ಓಡಿಬಂದು ಎಡಗಾಲು ಬೀಸುವಾಗ ಮಂಡಿ ಒಳಗೆ ಕುಸಿಯಿತು. ಚೆಂಡು ಕಂಬದಿಂದ ಒಂದು ಮಾರು ಆಚೆ ಹೋಗಿ ತಂತಿಬೇಲಿಗೆ ಬಡಿಯಿತು, ಕುರಿಗಳು ಚೆದುರಿದವು. ಜನರ ಬಾಯಿಂದ ಒಂದು "ಓ" ಹೊರಟು ನೆಲಕ್ಕಿಳಿಯಿತು.

ಅದರ ಬೆನ್ನಿಗೇ ವ್ಯಾನಿನ ಹಾರ್ನು ಕೂಗತೊಡಗಿತು. ಒಂದಲ್ಲ, ಎರಡಲ್ಲ, ಬಿಟ್ಟೂಬಿಡದೆ. ಹುಲ್ಲಿನ ಮೇಲೆ ಬಿದ್ದಿದ್ದ ಡೋಲಿನಾಗೆ ಮೈಯೆಲ್ಲ ಉರಿಯಿತು. ಈ ಮುದಿ ಬೋಸನ್ ಗೇಲಿ ಮಾಡುತ್ತಿದ್ದಾನೆಯೇ? ತಲೆ ಎತ್ತಿ ನೋಡಿದಳು. ಅಪ್ಪ ವ್ಯಾನಿನಿಂದ ಇಳಿದು ನಿಂತಿದ್ದ. ಹ್ಯಾಟು ತೆಗೆದು ತಲೆಯ ಮೇಲೆ ಎತ್ತಿ ಹಿಡಿದಿದ್ದ. ಮುಖ ಪೂರ್ತಿ ನಗುತ್ತಿತ್ತು. ಆದರೆ ಅವನು ಮುಖ ಮಾಡಿದ್ದು ಮೈದಾನದ ಇನ್ನೊಂದು ತುದಿಯ ಗೋಲಿನ ಕಡೆಗೆ, ಯಾರೂ ಇಲ್ಲದ ಕಡೆಗೆ. ಅವಳಿಗೆ ಆಗ ಎಲ್ಲ ತಿಳಿಯಿತು.

ಕುಂಟುತ್ತಾ ವ್ಯಾನಿನ ಹಿಂಬದಿಗೆ ಹೋಗಿ ಬೋಸನ್‌ನ ತೋಳು ಹಿಡಿದಳು. ಅಪ್ಪನಿಗೆ ಕೇಳದಂತೆ ಹಲ್ಲು ಕಚ್ಚಿ ಹೇಳಿದಳು.

"ಏನಂತ ಹೇಳಿದ್ರಿ ಅವರಿಗೆ?"

"ಗೋಲು ಅಂದೆ. ಎಡಗಾಲು, ಮೇಲಿನ ಮೂಲೆ ಅಂದೆ."

"ಯಾರು ಹೇಳು ಅಂದ್ರು ನಿಮಗೆ? ಅವರಿಗೆ ಸುಳ್ಳು ಅಂದ್ರೆ ಆಗಲ್ಲ ಅಂತ ಗೊತ್ತಿಲ್ವಾ?"

"ಗೊತ್ತು ಕಣೇ. ಬಂದರಿನಲ್ಲಿ ಅವನ ಪಕ್ಕ ನಿಂತಿದ್ದೋನು ನಾನು, ನೀನಲ್ಲ. ಅಷ್ಟು ವರ್ಷ ತಡೆದು ಇವತ್ತು ಬಂದಿದ್ದಾನೆ, ಚೆಂಡು ಕುರಿ ಹತ್ರ ಹೋಯ್ತು ಕಣೋ ಅನ್ಲಾ? ನಿಂಗೆ ಬೇಕಾದ್ರೆ ನೀನೇ ಹೋಗಿ ಹೇಳು."

ಅವಳು ಹೋದಳು, ಹೇಳಬೇಕೆಂದೇ ಹೋದಳು. ಟೋರ್ಕಿಲ್ ಅವಳ ಹೆಜ್ಜೆಯ ಸದ್ದಿಗೆ ಮುಖ ತಿರುಗಿಸಿ ಕೈ ಚಾಚಿದ. ಶನಿವಾರ ಸಂಜೆ ಚೆಂಡು ಕೇಳಲು ಚಾಚುತ್ತಿದ್ದ ಅದೇ ಕೈ.

"ಕಾಲು ಹೇಗಿದೆ?"

ಮಂಡಿ ಊದಿ ಗಡಿಗೆಯಾಗಿತ್ತು. ನಿಲ್ಲಲು ಆಗುತ್ತಿರಲಿಲ್ಲ.

"ಚೆನ್ನಾಗಿದೆ ಅಪ್ಪಾ" ಎಂದಳು.

"ಸರಿ" ಎಂದ ಅವನು.

ಅಪ್ಪನಿಗೆ ಅವಳು ಹೇಳಿದ ಮೊದಲ ಸುಳ್ಳು ಅದು. ಅಂದು ಟೋರ್ಕಿಲ್ ಒಂದು ಮೀನು ಹೆಚ್ಚಿಗೆ ತಿಂದ. ಡೋಲಿನಾಗೆ ತುತ್ತು ಇಳಿಯಲಿಲ್ಲ.

ಮರುದಿನ ಚರ್ಚು ಬಿಟ್ಟಮೇಲೆ ಎಂದಿನಂತೆ ಜನ ಬಾಗಿಲ ಮುಂದೆ ನಿಂತರು. ಸಬ್ಬತ್ ದಿನ ಅಲ್ಲಿ ಲೋಕದ ಮಾತು ಆಡುವುದಿಲ್ಲ. ಯಾರಿಗೆ ಹುಷಾರಿಲ್ಲ, ಪಾದ್ರಿಗಳ ಬೋಧನೆ ಹೇಗಿತ್ತು, ಅಷ್ಟೇ. ಆಟದ ಮಾತಂತೂ ಕನಸಿನಲ್ಲೂ ಬರಬಾರದು. ಹಿಂದಿನ ದಿನ ಗೆರೆಯ ಪಕ್ಕ ನಿಂತಿದ್ದವರೇ ಅಲ್ಲಿಯೂ ನಿಂತಿದ್ದರು. ಚೆಂಡು ಬೇಲಿಗೆ ಬಡಿದದ್ದನ್ನು ಕಣ್ಣಾರೆ ಕಂಡವರು. ಡೋಲಿನಾ ಅಪ್ಪನ ಮೊಣಕೈ ಹಿಡಿದು ಮೆಟ್ಟಿಲು ಇಳಿಸುತ್ತಿದ್ದಳು. ಕೊನೆಯ ಮೆಟ್ಟಿಲ ಮೇಲೆ ಅವನು ನಿಂತುಬಿಟ್ಟ. ಅವಳ ಕೈ ಬಿಡಿಸಿಕೊಂಡು ಬೆನ್ನು ನೆಟ್ಟಗೆ ಮಾಡಿದ. ಸಾಲು ಕೊಡುವಾಗ ಹಾಗೆ ಮಾಡುತ್ತಿದ್ದ.

"ನನ್ನ ಮಗಳು ನಿನ್ನೆ ಗೋಲು ಹೊಡೆದಳು" ಎಂದ. "ಎಡಗಾಲಲ್ಲಿ."

ಪಾದ್ರಿಗಳು ಕೈಯಲ್ಲಿದ್ದ ಬೈಬಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಡೋಲಿನಾಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆಗ ಹಿಂದಿನ ಬೆಂಚಿನಲ್ಲಿ ಅವಳಿಂದ ಒಂದು ಗೇಣು ಸರಿದು ಕೂರುತ್ತಿದ್ದ ವಿಧವೆ ಮುದುಕಿಯೊಬ್ಬಳು, ಕರ್ಚೀಫು ಬಾಯಿಗೆ ಒತ್ತಿಕೊಂಡು, "ಹೌದು ಟೋರ್ಕಿಲ್" ಎಂದಳು.

"ಹೌದು" ಎಂದ ಅವಳ ಪಕ್ಕದವನು. "ಒಳ್ಳೇ ಗೋಲು."

"ಮೇಲಿನ ಮೂಲೆಗೆ."

"ಥೇಟ್ ನಿನ್ನ ಹಾಗೇನೇ ಟೋರ್ಕಿಲ್."

ಒಬ್ಬೊಬ್ಬರಾಗಿ ಎಲ್ಲರೂ ಹೇಳಿದರು. ಸಬ್ಬತ್ ದಿನ, ಚರ್ಚಿನ ಬಾಗಿಲಲ್ಲಿ, ಒಂದು ಕಾಲುಚೀಲ ಒಣಹಾಕಲು ಹೆದರುವ ಜನ, ಮೇಲಿರುವವನಿಗೆ ಕೇಳುವಂತೆ ಸುಳ್ಳು ಹೇಳಿದರು. ಪಾದ್ರಿಗಳು ಹೌದೆಂಬಂತೆ ತಲೆಯನ್ನು ಮಾತ್ರ ಆಡಿಸಿದರು. ಕುರುಡನಿಗೆ ಅದು ಕಾಣುವುದಿಲ್ಲವೆಂದು ಅವರಿಗೆ ಹೊಳೆಯಲಿಲ್ಲವೋ, ಅಷ್ಟೇ ಅವರ ಕೈಲಾಯಿತೋ. ಬೋಸನ್ ಗೇಟಿನ ಬಳಿ ನಿಂತು ಮೂಗು ಒರೆಸಿಕೊಳ್ಳುತ್ತಿದ್ದ.

ಚಳಿಗಾಲ ಬಂದಾಗ ಟೋರ್ಕಿಲ್ ಹಾಸಿಗೆ ಹಿಡಿದ. ಎದೆಯಲ್ಲಿ ಕಫ ಕಟ್ಟಿತ್ತು, ಸಾಲು ಕೊಡುವ ಗಂಟಲು ಉಳಿದಿರಲಿಲ್ಲ. ಒಂದು ಮಧ್ಯಾಹ್ನ ಡೋಲಿನಾ ಅವನಿಗೆ ಚಮಚದಲ್ಲಿ ಸಾರು ಕುಡಿಸುತ್ತಿದ್ದಾಗ ಇನ್ನು ತಡೆಯಲಾರದೆ ಹೇಳಿದಳು.

"ಅಪ್ಪಾ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು. ಆ ಶನಿವಾರ..."

"ಕುರಿಗೆ ಪೆಟ್ಟೇನೂ ಆಗಲಿಲ್ಲ ತಾನೇ?" ಎಂದ ಟೋರ್ಕಿಲ್.

ಚಮಚ ಅವಳ ಕೈಯಲ್ಲೇ ಉಳಿಯಿತು.

"ಗೋಲಾದ್ರೆ ಜನರ ಧ್ವನಿ ಮೇಲಕ್ಕೆ ಹೋಗತ್ತೆ. ಅವತ್ತು ಕೆಳಗೆ ಬಂತು. ಇಷ್ಟು ವರ್ಷ ಸಾಲು ಕೊಟ್ಟೋನು ನಾನು, ಸಭೆ ಏರ್ತಿದೆಯೋ ಇಳೀತಿದೆಯೋ ನಂಗೆ ಗೊತ್ತಾಗಲ್ವಾ? ಆಮೇಲೆ ಬೇಲಿ ಝಣ್ ಅಂತು. ಆ ಹುಚ್ಚ ಹಾರ್ನ್ ಬಾರಿಸ್ದ."

"ಗೊತ್ತಿದ್ದೂ ಯಾಕಪ್ಪಾ? ಚರ್ಚಿನ ಮುಂದೆ ನಿಂತು... ಸಬ್ಬತ್ ದಿನ..."

ಕುರುಡು ಕಣ್ಣಿನ ಅಂಚಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು.

"ನೀನು ಹೊಡೆದ ನಿಜವಾದ ಗೋಲನ್ನೆಲ್ಲ ನುಂಗಿಕೊಂಡು ಕೂತೆ ಮಗಳೇ. ಒಂದನ್ನೂ ಬಾಯಿಬಿಟ್ಟು ಯಾರ ಹತ್ರಾನೂ ಹೇಳಲಿಲ್ಲ. ನೀಲಿ ಅಂಗೀದೂ ಹೇಳಲಿಲ್ಲ. ನನ್ನ ಪಾಲಿಗೆ ಉಳಿದಿದ್ದು ಆ ಸುಳ್ಳು ಗೋಲು ಒಂದೇ. ಅದನ್ನಾದ್ರೂ ಹೇಳ್ದೇ ಹೋಗ್ಲಾ?"

ಡೋಲಿನಾ ಅವನ ಎದೆಯ ಮೇಲೆ ತಲೆ ಇಟ್ಟು ಚಿಕ್ಕ ಮಗುವಿನ ಹಾಗೆ ಬಿಕ್ಕಿದಳು. ಅವನ ಕೈ ಅವಳ ಕೂದಲಲ್ಲಿ ಆಡಿತು. ಆ ವಾರವೇ ಅವನು ಹೋಗಿಬಿಟ್ಟ.

ಮಣ್ಣು ಮಾಡಿದ್ದು ಸೋಮವಾರ. ನಮ್ಮ ಕಡೆ ಹೆಂಗಸರು ಗೋರಿಯವರೆಗೆ ಹೋಗುವುದಿಲ್ಲ. ಮನೆಯ ಮುಂದೆ ಪಾದ್ರಿಗಳು ಪ್ರಾರ್ಥನೆ ಮುಗಿಸಿದ ಮೇಲೆ ಗಂಡಸರು ಎರಡು ಸಾಲಾಗಿ ನಿಂತು ಪೆಟ್ಟಿಗೆಗೆ ಹೆಗಲು ಕೊಡುತ್ತಾರೆ. ಹಿಂದಿದ್ದವರು ಮುಂದೆ ಬರುತ್ತಾ, ಮುಂದಿದ್ದವರು ಬಿಟ್ಟುಕೊಡುತ್ತಾ, ನಿಲ್ಲದೆ ಸಾಗುತ್ತಾರೆ. ಊರಿನ ಕೊನೆಯ ಮನೆಯ ಗೋಡೆ ದಾಟಿದರೆ ಅಲ್ಲಿಂದ ಮುಂದೆ ಗಂಡಸರದೇ ದಾರಿ. ತಲೆಯ ಕಡೆಯ ಹಗ್ಗ ಹಿಡಿದು ಗೋರಿಗೆ ಇಳಿಸುವವನು ಹಿರಿಯ ಮಗ. ಇಲ್ಲಿ ಮಗನಿಲ್ಲ, ಬಾಲ ಹಚ್ಚಿದ ಹೆಸರಿನ ಮಗಳು. ಹಗ್ಗ ಬೋಸನ್‌ನ ಕೈಗೆ ಹೋಯಿತು. ಡೋಲಿನಾ ಆ ಗೋಡೆಯ ಬಳಿ ನಿಂತಳು. ಗಂಡಸರ ಕಪ್ಪು ಸಾಲು ಕಡಲಿನ ಕಡೆಗೆ, ಆಟದ ಬಯಲನ್ನೂ ದಾಟಿ, ಸ್ಮಶಾನದ ಕಡೆಗೆ ತಿರುಗಿತು. ಆ ಒಂದು ಶನಿವಾರ ಬಿಟ್ಟರೆ ಇಷ್ಟು ವರ್ಷ ಅವಳು ಆಡಿದ ಮೈದಾನದ ಗೆರೆಗೆ ಅವನು ಬರಲಿಲ್ಲ, ಈಗ ಅವನು ಹೋಗುವ ಜಾಗಕ್ಕೆ ಇವಳು ಹೋಗುವಂತಿಲ್ಲ. ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಉಳಿದ ಹೆಂಗಸರು ಚಹಾ ಮಾಡಲು ಒಳಗೆ ಹೋದರು, ಅವಳು ನಿಂತೇ ಇದ್ದಳು.

ಮೊದಲು ಹಿಂತಿರುಗಿದವನು ಬೋಸನ್. ಬೂಟಿಗೆಲ್ಲ ಮರಳು ಮೆತ್ತಿತ್ತು, ಅಂಗೈಯಲ್ಲಿ ಹಗ್ಗದ ಗೆರೆ ಕೆಂಪಗೆ ಮೂಡಿತ್ತು. ಅವಳ ಪಕ್ಕ ಬಂದು ಗೋಡೆಗೆ ಒರಗಿದ. ಅವಳು ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತದ್ದನ್ನು ಕಂಡ. ಫೋನಿನ ಮಾತು ಅವನಿಗೆ ಗೊತ್ತಿರಲಿಲ್ಲ. ಆ ಮನೆಯ ಮೂವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಚಳಿಯಲ್ಲಿ ಇಷ್ಟು ಹೊತ್ತು ನಿಂತವಳನ್ನು ಯಾರಾದರೂ ಕೇಳುವುದನ್ನೇ ಅವನೂ ಕೇಳಿದ.

"ಕಾಲು ಹೇಗಿದೆ?"

ಡೋಲಿನಾ ಬಾಯಿ ತೆರೆದಳು. 'ಚೆನ್ನಾಗಿದೆ' ಎನ್ನುವುದು ನಾಲಿಗೆಯ ಮೇಲೆ ಬಂದಿತ್ತು.

"ನೋಯ್ತಿದೆ ಬೋಸನ್" ಎಂದಳು. "ತುಂಬಾ ನೋಯ್ತಿದೆ."